ಹೊಲದಾಗ ಒಂದು ಪಾಲು ತಗೊಳ್ಳಿ: ಶಹರ ಸೇರಿದ ನಮ್ಮೂರ ಮನೆಗಳಿಗೆ ಬಹಿರಂಗ ಪತ್ರ

ಜುಳೆ ಸೋಲಾಪುರ, ವಿಜಾಪುರ ರಸ್ತೆ, ಹೋಟಗಿ ರಸ್ತೆಯ ಕಡೆ ಮನೆ ಮಾಡಿಕೊಂಡಿರುವ ಭಂಡಾರಕವಠೆ ಮತ್ತು ಸುತ್ತಲಿನ ಊರುಗಳ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಡಿಸೆಂಬರ್ ಬಂತೆಂದರೆ ನಿಮ್ಮ ಫೋನು ಶುರು. "ಸೀತನಿ ಬಂದಾವೇನ್ರಿ? ಐತವಾರ ಬರ್ತೀವಿ, ಆಫೀಸಿನ್ಯಾಗಿನ ನಾಕು ಮಂದಿ ಗೆಳ್ಯಾರೂ ಬರ್ತಾರ." ಬರ್ರಿ, ಬ್ಯಾಡ ಅನ್ನೋರು ಯಾರು? ಕುಳ್ಳಿನ ಕೆಂಡದಲ್ಲಿ ಜೋಳದ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ಕೊಡುತ್ತೇವೆ. ನೀವು ಹೊಟ್ಟೆ ತುಂಬ ತಿಂದು, ಫೋಟೋ ತೆಗೆದು, ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಒಂದು ಹೊರೆ ಹಸಿ ಕಡಲೆ ಹಾಕಿಕೊಂಡು "ಊರಿನ ರುಚಿ ಶಹರದಾಗ ಎಲ್ಲಿ ಸಿಗ್ತದ್ರಿ" ಅನ್ನುತ್ತೀರಿ. ಆಮೇಲೆ ಮತ್ತೆ ಮುಂದಿನ ಡಿಸೆಂಬರ್‌ಗೇ ಫೋನು. ನಡುವಿನ ಹನ್ನೊಂದು ತಿಂಗಳು ನಿಮ್ಮ ಅಡಿಗೆ ಮನೆಗೂ ಈ ಹೊಲಕ್ಕೂ ಸಂಬಂಧವಿಲ್ಲ. ಈಗಂತೂ ಹೆದ್ದಾರಿಯ ಬದಿಗೆ ತಲೆಗಿಷ್ಟು ಅಂತ ರೊಕ್ಕ ಇಸಿದುಕೊಂಡು, ಹೊರಸು ಹಾಕಿ, ಎತ್ತಿನ ಗಾಡಿಯಲ್ಲಿ ಒಂದು ಸುತ್ತು ಹಾಕಿಸಿ ಸೀತನಿ ತಿನ್ನಿಸುವ ಜಾಗಗಳೂ ಎದ್ದಿವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ದಿನದ ಸೀತನಿಯಿಂದ ಊರಿನ ಊಟ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅದಕ್ಕೇ ಈ ಪತ್ರ. ನಿಮ್ಮಲ್ಲಿ ಒಂದಿಷ್ಟು ಮನೆಯವರು ಹಂಗಾಮಿಗೆ ಮುಂಚೆಯೇ ರೊಕ್ಕ ಕೊಟ್ಟು ಊರಿನ ಒಂದು ಹೊಲದಲ್ಲಿ ಪಾಲು ತಗೊಳ್ಳಬೇಕು. ವಾರಕ್ಕೊಮ್ಮೆ ಚೀಲ ಬರುತ್ತದೆ. ಅದರಲ್ಲಿ ಹೊಲ ಕೊಟ್ಟದ್ದು ಇರುತ್ತದೆ, ನೀವು ಕೇಳಿದ್ದು ಇರುವುದಿಲ್ಲ. ಬಂದದ್ದನ್ನು ಅಡಿಗೆ ಮಾಡಬೇಕು.

ಇದು ಹೊಸ ಹುಚ್ಚು ಅನ್ನಬೇಡಿ. ಜಪಾನಿನಲ್ಲಿ 1970ರ ದಶಕದಲ್ಲೇ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ರೈತರ ಜೊತೆ ನೇರ ಮಾತುಕತೆ ಮಾಡಿ, ಅವರು ಬೆಳೆದದ್ದನ್ನೆಲ್ಲ ಹಂಚಿಕೊಳ್ಳುವ ಪದ್ಧತಿ ನಡೆಸಿದರು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳಿಂದ ಶುರುವಾಯಿತು. ಅಷ್ಟು ದೂರ ಯಾಕೆ, ನಮ್ಮ ಕಣದಲ್ಲೇ ಪಾಲಿನ ಲೆಕ್ಕ ಇತ್ತು. ರಾಶಿ ಆದಾಗ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಎಲ್ಲರಿಗೂ ಆಯ ಸಲ್ಲುತ್ತಿತ್ತು. ನಿಮ್ಮಲ್ಲಿ ವಯಸ್ಸಾದವರು ನೋಡಿದ್ದೀರಿ. ಆ ಕಾಲವನ್ನು ಹೊಗಳಿ ಭಾಷಣ ಮಾಡುವವರಿದ್ದಾರೆ, ನಾನು ಮಾಡುವುದಿಲ್ಲ. ವರ್ಷವಿಡೀ ದುಡಿದವರು ಕಣದ ಅಂಚಿಗೆ ನಿಂತು, ಒಡೆಯ ಮೊರದಲ್ಲಿ ಹಾಕಿದಷ್ಟನ್ನು ಸೆರಗೊಡ್ಡಿ ತಗೊಂಡು ಹೋಗಬೇಕಿತ್ತು. ಕೆಲವರಿಗೆ ಕಣದೊಳಗೆ ಕಾಲಿಡುವ ಹಕ್ಕೂ ಇರಲಿಲ್ಲ. ಹೊಲ ಬೆಳೆದರೆ ಎಲ್ಲರಿಗೂ ಪಾಲು, ಬೆಳೆಯದಿದ್ದರೆ ಎಲ್ಲರಿಗೂ ಖೋತಾ ಅನ್ನುವ ಮಾತೊಂದನ್ನು ಅದರಿಂದ ತಗೊಳ್ಳೋಣ. ಕೈ ಒಡ್ಡುವ ಪದ್ಧತಿ ಬ್ಯಾಡ. ಮುಂಗಡ ಕೊಟ್ಟು ಪಾಲುದಾರರಾಗುವವರು ಯಾರ ಮುಂದೂ ಸೆರಗೊಡ್ಡಬೇಕಾಗಿಲ್ಲ.

ಇನ್ನೊಂದು ಮಾತು. ನಿಮ್ಮ ನಳದಲ್ಲಿ ಬರುವ ನೀರಿನಲ್ಲಿ ಆಗಲೇ ನಮ್ಮ ಹೊಳೆಯ ಪಾಲಿದೆ. ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಭೀಮೆಯ ಪಾತ್ರದಲ್ಲೇ ಹರಿದು ಬಂದು, ಔಜ್ ಮತ್ತು ಚಿಂಚಪುರದ ಬಂಧಾರಗಳಲ್ಲಿ ನಿಂತು, ಟಾಕಳಿಯಿಂದ ಶಹರಕ್ಕೆ ಏರುತ್ತದೆ. 2024ರ ಬೇಸಿಗೆಯಲ್ಲಿ ಉಜನಿಯ ಮಟ್ಟ ಮೃತ ಸಂಗ್ರಹಕ್ಕಿಂತಲೂ ಕೆಳಗಿಳಿದಾಗ ನಾಲ್ಕೈದು ದಿನಕ್ಕೊಮ್ಮೆ ನೀರು ಹಿಡಿದವರು ನೀವು. ಅದೇ ಬೇಸಿಗೆಯಲ್ಲಿ ದಂಡೆಯ ಮೋಟಾರು ನಿಂತು ಬದನೆ ಗಿಡ ಒಣಗಿಸಿಕೊಂಡವರು ನಾವು. ಹೊಳೆ ಒಂದೇ, ಅದರ ಕಷ್ಟ ಇಬ್ಬರಿಗೂ ಬಂದೇ ಬರುತ್ತದೆ. ಅಂದ ಮೇಲೆ ಅದರ ದಂಡೆಯ ಕಾಯಿಪಲ್ಯವೂ ಇಬ್ಬರಿಗೂ ಸೇರಲಿ.

ಈಗ ಹೊಲದ ಕಥೆ ಕೇಳಿ. ನಮ್ಮ ಎರೆ ಹೊಲದಲ್ಲಿ ಒಂದೇ ಬೆಳೆ ಅನ್ನುವುದು ಇರಲಿಲ್ಲ. ತೊಗರಿಯ ನಡುವೆ ಸಜ್ಜೆ, ಹೆಸರು, ಮಡಿಕಿ, ಅಲಸಂದಿ, ಅಲ್ಲೊಂದು ಇಲ್ಲೊಂದು ಪುಂಡಿ, ಬದುವಿನ ಮೇಲೆ ಸವತೆ ಬಳ್ಳಿ. ಹಿಂಗಾರಿಗೆ ಜೋಳದ ನಡುವೆ ಕಡಲೆ, ಅಗಸಿ, ಮತ್ತು ಹೊಲದ ಸುತ್ತ ಕುಸುಬೆ. ಕುಸುಬೆಯ ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ, ಎಳೆ ಎಲೆ ಪಲ್ಯಕ್ಕಾಗುತ್ತಿತ್ತು, ಬೀಜದಿಂದ ಎಣ್ಣೆ. ಈ ಅಕ್ಕಡಿ ಸಾಲುಗಳ ಯಜಮಾನಿಕೆ ಹೆಣ್ಣುಮಕ್ಕಳದು. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುವಾಗಲೇ ವರ್ಷದ ಅಡಿಗೆ ಅವರ ತಲೆಯಲ್ಲಿ ಕೂತಿರುತ್ತಿತ್ತು.

ಆಮೇಲೆ ಕಬ್ಬು ಬಂತು. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಮೂವತ್ತು ದಾಟಿವೆ, ನಮ್ಮೂರ ಶಿವಾರದಲ್ಲೇ ಒಂದರ ಚಿಮಣಿ ಹೊಗೆಯಾಡುತ್ತದೆ. ಕಬ್ಬು ಹಾಕಿದವರನ್ನು ನಾನು ಬೈಯುವುದಿಲ್ಲ, ನಮ್ಮ ಮನೆಯಲ್ಲೂ ಕಬ್ಬಿದೆ. ಬಿಲ್ಲು ತಡವಾದರೂ ಒಂದು ದಿನ ಬಂದೀತು ಅನ್ನುವ ಧೈರ್ಯ ಅದಕ್ಕಿದೆ. ಕಾಯಿಪಲ್ಯಕ್ಕೆ ಆ ಧೈರ್ಯ ಎಲ್ಲಿದೆ? 2023ರ ಫೆಬ್ರವರಿಯಲ್ಲಿ ಬಾರ್ಶಿ ತಾಲೂಕಿನ ರೈತರೊಬ್ಬರು 512 ಕಿಲೋ ಈರುಳ್ಳಿಯನ್ನು ಸೋಲಾಪುರದ ಬಾಜಾರಕ್ಕೆ ತಂದರು. ಕಿಲೋಗೆ ಒಂದು ರೂಪಾಯಿ ದರ. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚೆಲ್ಲ ಕಳೆದು ಅವರ ಕೈಗೆ ಬಂದದ್ದು 2 ರೂಪಾಯಿಯ ಚೆಕ್ಕು, ಅದೂ ಮುಂದಿನ ತಾರೀಖು ಹಾಕಿದ್ದು. ಪೇಪರಿನಲ್ಲಿ ಓದಿ ನೀವೂ "ಛೇ" ಅಂದಿರಬೇಕು. ಅವತ್ತು ನಿಮ್ಮ ಓಣಿಯ ಗಾಡಿಯವನು ಈರುಳ್ಳಿಯನ್ನು ಕಿಲೋಗೆ ಒಂದು ರೂಪಾಯಿಗೆ ಕೊಟ್ಟನೇ ಅಂತ ನೆನಪು ಮಾಡಿಕೊಳ್ಳಿ.

ಈರುಳ್ಳಿಯ ಗತಿಯೇ ಹೀಗಾದರೆ ಕಿರಕಸಾಲಿ, ಹತ್ತರಕಿಯಂಥ ಸೊಪ್ಪನ್ನು ಯಾವ ಬಾಜಾರಕ್ಕೆ ಒಯ್ಯಬೇಕು? ಕೊಳ್ಳುವವರಿಲ್ಲದ ಮೇಲೆ ಅಕ್ಕಡಿ ಸಾಲು ಬಿಡುವವರೂ ಇಲ್ಲ. ಹೊಸ ಸೊಸೆಯಂದಿರಿಗೆ ಹತ್ತರಕಿಯ ಗುರುತೇ ಇಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಅದು ಹುಟ್ಟುವುದೂ ಇಲ್ಲ.

ಕೆಲವು ವರ್ಷಗಳಿಂದ ನಾವು ಒಂದೆರಡು ಮನೆಯವರು ಸೇರಿ ಬೆಳಗಿನ ಎಸ್‌ಟಿ ಬಸ್ಸಿಗೆ ಶಹರದ ನೆಂಟರಿಗೆ ಚೀಲ ಕಳಿಸುತ್ತಿದ್ದೇವೆ. ಆ ಅನುಭವದ ಮೇಲೇ ಬರೆಯುತ್ತಿದ್ದೇನೆ. ಮೊದಲ ದೂರು ಎಲ್ಲರದೂ ಒಂದೇ: "ಈ ವಾರನೂ ಮೆಂತೆನಾ?" ಹೌದು, ಈ ವಾರವೂ ಮೆಂತೆ. ಚಳಿ ಬಿದ್ದ ಮೇಲೆ ಮೆಂತೆಯನ್ನು ತಡೆಯುವವರು ಯಾರು? ಒಂದು ದಿನ ಹಸಿ ಮೆಂತೆಯನ್ನು ಈರುಳ್ಳಿ, ಶೇಂಗಾ ಪುಡಿ, ಒಂದು ಚಮಚ ಎಣ್ಣೆ ಹಾಕಿ ಕಲಸಿ ರೊಟ್ಟಿಯ ಮೇಲಿಟ್ಟು ತಿನ್ನಿ. ಮರುದಿನ ಹೆಸರುಬೇಳೆ ಹಾಕಿ ಪಲ್ಯ. ಮೂರನೇ ದಿನ ಜೋಳದ ಹಿಟ್ಟಿಗೆ ಹೆಚ್ಚಿ ಹಾಕಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಸೇರಿಸಿ ತಾಲಿಪಟ್ಟು. ಉಳಿದದ್ದನ್ನು ನೆರಳಲ್ಲಿ ಒಣಗಿಸಿ. ನಿಮ್ಮ ಅತ್ತೆ ಹೀಗೇ ಮಾಡುತ್ತಿದ್ದರು, ಅವರನ್ನೇ ಕೇಳಿ ನೋಡಿ.

ಮೆಂತೆಯ ಮಾತು ಇರಲಿ. ಚೀಲದಲ್ಲಿ ನಿಮಗೆ ನಿಜವಾಗಿ ತಲುಪಿಸಬೇಕು ಅಂತ ನನಗಿರುವುದು ಕಡಲೆ ಸೊಪ್ಪು. ಬಿತ್ತಿ ಒಂದು ತಿಂಗಳು ದಾಟಿ, ಹೂ ಬಿಡುವ ಮುಂಚೆ, ಗಿಡದ ಕುಡಿ ಚಿವುಟುತ್ತೇವೆ. ಕುಡಿ ಹೋದರೆ ಗಿಡ ಪಕ್ಕಕ್ಕೆ ಟಿಸಿಲೊಡೆಯುತ್ತದೆ, ಕಾಯಿಯೂ ಹೆಚ್ಚು ಕಟ್ಟುತ್ತದೆ. ಮಂಜಿನ ಮುಂಜಾನೆ ಕೈ ಹಾಕಿದರೆ ಬೆರಳಿಗೆ ಹುಳಿ ಅಂಟುತ್ತದೆ, ಸಣ್ಣ ಗಾಯವಿದ್ದರೆ ಚುರುಗುಟ್ಟುತ್ತದೆ. ಎಲೆಯ ಮೇಲಿನ ನವಿರು ಕೂದಲಿನಿಂದ ಒಸರುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳ ಕೆಲಸ ಅದು. ಹಿಂದಿನವರು ರಾತ್ರಿ ಗಿಡಗಳ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಬಾಟಲಿಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು.

ಆ ಹುಳಿಯೇ ಪಲ್ಯದ ಜೀವ. ಅದಕ್ಕೇ ಕಡಲೆ ಸೊಪ್ಪನ್ನು ತೊಳೆಯುವುದಿಲ್ಲ. ಜಾಡಿಸಿ, ಆರಿಸಿ, ಸಣ್ಣಗೆ ಹೆಚ್ಚಬೇಕು. ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಶೇಂಗಾ ಮೆತ್ತಗೆ ಬೇಯಿಸಿ ಅದಕ್ಕೆ ಸೊಪ್ಪು ಹಾಕಿ ಕುದಿಸಿ, ಕೆಳಗಿಳಿಸಿ ಕಡಗೋಲಿನಿಂದ ಕಡೆಯಬೇಕು. ಮತ್ತೆ ಒಲೆಗೇರಿಸಿ ಜೋಳದ ನುಚ್ಚನ್ನೋ ಹಿಟ್ಟನ್ನೋ ಉದುರಿಸುತ್ತ ತಿರುವಿದರೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಒಗ್ಗರಣೆಗೆ ಶೇಂಗಾ ಎಣ್ಣೆ, ಬೆಳ್ಳುಳ್ಳಿ ಕೈ ಬಿಚ್ಚಿ ಹಾಕಿ, ಕುಟ್ಟಿದ ಹಸಿಮೆಣಸಿನಕಾಯಿ. ಹುಣಸೆಹಣ್ಣು ಹಾಕಿದರೆ ಕೆಟ್ಟಿತು ಅಂತ ತಿಳಿಯಿರಿ. ಮಿಕ್ಸರಿಗೂ ಹಾಕಬೇಡಿ, ಅಂಟಂಟಾಗುತ್ತದೆ.

ಈಗ ಹೇಳಿ, ಮಂಡಿಯಿಂದ ತಂದ ಸೊಪ್ಪನ್ನು ತೊಳೆಯದೆ ಅಡಿಗೆ ಮಾಡುವ ಧೈರ್ಯ ನಿಮಗಿದೆಯೇ? ನನಗಿಲ್ಲ. ಯಾವ ಹೊಲದ್ದು, ಎಂದು ಔಷಧ ಹೊಡೆದದ್ದು, ಯಾವ ನೀರಲ್ಲಿ ಅದ್ದಿ ತಂದದ್ದು ಯಾರಿಗೆ ಗೊತ್ತು? ಕಡಲೆಗೆ ಕಾಯಿಕೊರಕ ಹುಳುವಿನ ಕಾಟ ಹೆಚ್ಚುವುದು ಹೂ ಬಿಟ್ಟ ಮೇಲೆ, ಔಷಧ ಹೊಡೆಯುವುದೂ ಹೆಚ್ಚಾಗಿ ಆಗಲೇ. ಕುಡಿ ಚಿವುಟುವ ಕಾಲಕ್ಕೆ ಹೊಲಕ್ಕೆ ಏನೂ ಹೊಡೆದಿಲ್ಲ ಅಂತ ನಾನು ಹೇಳಬೇಕು, ನನ್ನ ಮಾತನ್ನು ನೀವು ನಂಬಬೇಕು. ಅಷ್ಟು ಗುರುತಿದ್ದರೆ ಮಾತ್ರ ಈ ಪಲ್ಯಕ್ಕೆ ಅದರ ರುಚಿ. ಪಾಲುದಾರಿಕೆ ಅಂತ ನಾನು ಇಷ್ಟು ಒದ್ದಾಡುತ್ತಿರುವುದು ಇದಕ್ಕೇ. ಊರಿನ ರುಚಿ ಅಂತ ನೀವು ಅನ್ನುವುದು ಮಣ್ಣಿನಿಂದ ಎಷ್ಟು ಬರುತ್ತದೋ ಅಷ್ಟೇ ಚಿವುಟಿದವರ ಗುರುತಿನಿಂದಲೂ ಬರುತ್ತದೆ.

ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗಿನ ಚೀಲ ತುಂಬಿ ತುಳುಕುತ್ತದೆ. ಹಸಿ ಕಡಲೆ, ತೊಗರಿ ಕಾಯಿ, ಅವರೆ, ಗಜ್ಜರಿ, ಎಳೆ ಬೆಳ್ಳುಳ್ಳಿ ಸೊಪ್ಪು, ಬೋರೆಹಣ್ಣು, ಮುಳ್ಳು ಬದನೆ. ಬಿಡಿಬಿಡಿಯಾಗಿ ಒಂದೊಂದು ಪಲ್ಯ ಮಾಡಲು ಹೋದರೆ ನಿಮಗೆ ಪುರಸೊತ್ತಾಗುವುದಿಲ್ಲ. ಅದಕ್ಕೇ ಹಿರಿಯರು ಭಜ್ಜಿ ಅಂತ ಒಂದು ಮಾಡಿಟ್ಟಿದ್ದಾರೆ. ಇದ್ದ ಕಾಳು, ಸೊಪ್ಪು, ಬೋರೆಯನ್ನೂ ಸೇರಿಸಿ ಒಂದೇ ಗಡಿಗೆಯಲ್ಲಿ ಬೇಯಿಸಿ, ಕಡಲೆ ಹಿಟ್ಟು ಕದಡಿ ಹಾಕಿದರೆ ಮುಗಿಯಿತು. ಚರಗ ಚೆಲ್ಲಿ ಬಂದು ಮರದ ಕೆಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆ ಅದನ್ನು ಉಂಡವರು ನೀವೆಲ್ಲ. ಸಿದ್ಧರಾಮೇಶ್ವರ ಜಾತ್ರೆಗೆ ಶಹರದ ತುಂಬ ಜನ ಸೇರುವ ದಿನಗಳಲ್ಲಿ, ಭೋಗಿಯ ದಿನ, ನಿಮ್ಮ ಕುಕ್ಕರಿನಲ್ಲೂ ಅದೇ ಪಲ್ಯ ಆಗುತ್ತದೆ. ಆದರೆ ಆ ದಿನ ಮಂಡಿಯಲ್ಲಿ ಭೋಗಿಯ ಕಾಯಿಪಲ್ಯದ ದರ ಕೇಳಿದ್ದೀರಲ್ಲ?

ಮಳೆಗಾಲದ ಚೀಲ ಬೇರೆ ತರಹದ್ದು. ಗೋಳಿ, ರಾಜಗಿರಿ, ಕಿರಕಸಾಲಿ, ಪುಂಡಿ, ಎಳೆ ಹೆಸರಿನ ಕಾಯಿ, ಚವಳಿಕಾಯಿ. ಪುಂಡಿಯನ್ನು ಮಕ್ಕಳು ಒಲ್ಲೆ ಅನ್ನುತ್ತಾರೆ ಅನ್ನುವುದು ಎರಡನೇ ದೂರು. ಒಮ್ಮೆ ಬೇಯಿಸಿ ಹುಳಿ ನೀರು ಬಸಿದು, ಜೋಳದ ನುಚ್ಚು ಹಾಕಿ ಮಾಡಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಮಕ್ಕಳು ಆಗಲೂ ಒಲ್ಲೆ ಅಂದರೆ ಅಂದುಕೊಳ್ಳಲಿ, ದೊಡ್ಡವರಾದ ಮೇಲೆ ಅವರೇ ಹುಡುಕಿಕೊಂಡು ಬರುತ್ತಾರೆ. ಹತ್ತರಕಿ ಬರುವುದು ಮಳೆ ಹಿಂದೆ ಸರಿದ ಮೇಲೆ. ಅದಕ್ಕೆ ಅಡಿಗೆಯೇ ಬ್ಯಾಡ, ಹಸಿದೇ ರೊಟ್ಟಿಯ ಜೊತೆ ನಡೆಯುತ್ತದೆ.

ಬೇಸಿಗೆಯಲ್ಲಿ ಚೀಲ ಸಣ್ಣದಾಗುತ್ತದೆ, ಕೆಲವು ವಾರ ಬರುವುದೇ ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ಆದರೆ ಪಾಲು ಅಂದರೆ ಹಸಿ ಕಾಯಿಪಲ್ಯ ಅಷ್ಟೇ ಆಗಬಾರದು. ಮಾರ್ಚಿನಲ್ಲಿ ಜೋಳ ಬರುತ್ತದೆ. ನಮ್ಮ ಮಾಲದಂಡಿಯ ಬಗ್ಗೆ ನಿಮಗೆ ನಾನು ಹೇಳಬೇಕೇ? ನಮ್ಮ ಜಿಲ್ಲೆಯ ಮೊಹೋಳದ ಕೇಂದ್ರದಲ್ಲೇ 1930ರ ದಶಕದಲ್ಲಿ ಆರಿಸಿದ ಎಂ 35-1 ತಳಿ ಇವತ್ತಿಗೂ ಹಿಂಗಾರಿಯ ಹೊಲ ಬಿಟ್ಟಿಲ್ಲ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಹಿಟ್ಟನ್ನು ತಿಂಗಳಿಗಾಗುವಷ್ಟು ಒಮ್ಮೆಲೇ ಬೀಸಿಡಬೇಡಿ, ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ. ವಾರಕ್ಕಾಗುವಷ್ಟೇ ಗಿರಣಿಗೆ ಒಯ್ಯಿರಿ. ಜೋಳದ ಜೊತೆ ತೊಗರಿಬೇಳೆ, ಗುರೆಳ್ಳು, ಅಗಸಿ, ಒಣಗಿಸಿದ ಕಡಲೆ ಸೊಪ್ಪು, ಬಾಳಕದ ಮೆಣಸಿನಕಾಯಿ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಒಣ ಕಡಲೆ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಪಲ್ಯ ಮಾಡಿದರೆ ಡಿಸೆಂಬರಿನ ಹುಳಿಯಲ್ಲಿ ಅರ್ಧವಾದರೂ ಉಳಿದಿರುತ್ತದೆ. ನಮ್ಮ ಹಿರಿಯರು ಬೇಸಿಗೆ ಕಳೆದದ್ದು ಹೀಗೆ. 1972ರ ಬರದಲ್ಲಿ ಆ ಒಣ ಸೊಪ್ಪೂ ಮುಗಿದು, ಪರದೇಶದಿಂದ ಬಂದ ಕೆಂಪು ಮಿಲೋ ಜೋಳ ತಿಂದು, ಕಾಮಗಾರಿಯ ಮೇಲೆ ಸುಕಡಿ ಇಸಿದುಕೊಂಡ ಕಥೆಯನ್ನು ನಿಮ್ಮ ಮನೆಯ ಹಿರಿಯರ ಬಾಯಿಂದಲೇ ಕೇಳಿ.

ರೊಕ್ಕದ ಮಾತಿಗೆ ಬರೋಣ. ವರ್ಷದ ಪಾಲಿನ ಅರ್ಧ ಬಿತ್ತಿಗೆಗೆ ಮುಂಚೆ, ಇನ್ನರ್ಧ ಸಂಕ್ರಾಂತಿಗೆ. ಎಷ್ಟು ಅನ್ನುವುದನ್ನು ಫೋನಿನಲ್ಲಿ ಬ್ಯಾಡ, ಒಂದು ಐತವಾರ ಊರಿಗೆ ಬಂದು ಹೊಲದಲ್ಲೇ ಕೂತು ಬೀಜ, ಗೊಬ್ಬರ, ಆಳಿನ ಕೂಲಿ ಲೆಕ್ಕ ಹಾಕಿ ಗೊತ್ತು ಮಾಡೋಣ. ಕಳೆ ತೆಗೆಯುವ, ಕುಡಿ ಚಿವುಟುವ ಹೆಣ್ಣಾಳುಗಳ ಕೂಲಿಯೂ ಆ ಲೆಕ್ಕದಲ್ಲಿ ಬರಬೇಕು. ಪಾಲು ಅಂತ ಹೇಳಿ ಅವರ ಕೂಲಿ ಕಡಿದರೆ ಹಳೆಯ ಕಣಕ್ಕೇ ವಾಪಸು ಹೋದಂತೆ. ವರ್ಷದಲ್ಲಿ ಒಂದೆರಡು ಸಲ ನೀವೂ ಬಂದು ಕೈ ಹಾಕಿದರೆ ಸಂತೋಷ, ಆದರೆ ಅದು ಕರಾರಲ್ಲ.

ನಮ್ಮ ಕಡೆಯಿಂದ ಏನು ಅಂತ ಕೇಳುವಿರಿ. ಏನು ಹೊಡೆದಿದ್ದೇವೆ, ಎಂದು ಹೊಡೆದಿದ್ದೇವೆ ಅನ್ನುವುದನ್ನು ಚೀಟಿಯಲ್ಲಿ ಬರೆದು ಚೀಲಕ್ಕೆ ಹಾಕುತ್ತೇವೆ. ಚೀಲ ತುಂಬಲಿಲ್ಲ ಅಂತ ಮಂದ್ರೂಪದ ಬಾಜಾರದಲ್ಲಿ ಕೊಂಡು ತುಂಬಿಸುವುದಿಲ್ಲ. ಹೂಕೋಸು ಕೇಳಬೇಡಿ, ಜುಲೈನಲ್ಲಿ ಬಟಾಣಿ ಕೇಳಬೇಡಿ.

ಬೆಳೆ ಕೆಟ್ಟರೆ? ಇದು ಎಲ್ಲರೂ ಕೇಳುವ, ಕೇಳಲೇಬೇಕಾದ ಮಾತು. 2020ರ ಅಕ್ಟೋಬರಿನಲ್ಲಿ ಭೀಮೆ ಏರಿದಾಗ ದಂಡೆಯ ಹೊಲಗಳಲ್ಲಿ ನಿಂತ ಬೆಳೆ ಎರಡೇ ದಿನದಲ್ಲಿ ರಾಡಿಯಾಯಿತು. ಅಂಥ ವರ್ಷ ನಿಮ್ಮ ಚೀಲವೂ ಖಾಲಿ. ರೊಕ್ಕ ತಿರುಗಿ ಕೊಡುತ್ತೇವೆ ಅಂತ ನಾನು ಹೇಳಿದರೆ ಅದು ಪಾಲಾಗುವುದಿಲ್ಲ, ಅಂಗಡಿಯ ಉದ್ರಿಯಾಗುತ್ತದೆ. ಮೇಲಿನ ಹೊಲದಲ್ಲಿ ಏನಾದರೂ ಉಳಿದಿದ್ದರೆ ಅದನ್ನೇ ನಿಮಗೂ ನಮಗೂ ಸಮ ಹಂಚುತ್ತೇವೆ. ಇದನ್ನು ಒಪ್ಪದವರು ಪಾಲು ತಗೊಳ್ಳದಿರುವುದೇ ಒಳ್ಳೆಯದು. ಅವರು ಡಿಸೆಂಬರಿನಲ್ಲಿ ಸೀತನಿಗೆ ಬರಲಿ, ನಮಗೇನೂ ಬೇಜಾರಿಲ್ಲ.

ಈಗ ಶ್ರಾವಣ. ಉತ್ತರಿ ಮಳೆ ಹತ್ತಿದ ಮೇಲೆ ಜೋಳ, ಕಡಲೆಯ ಬಿತ್ತಿಗೆ ಶುರುವಾಗುತ್ತದೆ, ಆಮೇಲೆ ಅಕ್ಕಡಿ ಸಾಲು ಸೇರಿಸಲು ಬರುವುದಿಲ್ಲ. ಎಷ್ಟು ಮನೆ ಅನ್ನುವುದು ಗೊತ್ತಾದರೆ ಎಷ್ಟು ಸಾಲು ಕಡಲೆ, ಎಷ್ಟು ಕುಸುಬೆ, ಎಷ್ಟು ಮೆಂತೆಯ ಮಡಿ ಅನ್ನುವುದನ್ನು ಈಗಲೇ ಗೊತ್ತು ಮಾಡಬಹುದು. ನೀವು ಬರದಿದ್ದರೆ ಆ ತುಂಡು ಹೊಲಕ್ಕೂ ಕಬ್ಬೇ ಬೀಳುತ್ತದೆ, ಲಾವಣಿಗೆ ಕೇಳುವವರು ಆಗಲೇ ಬಂದು ಹೋಗಿದ್ದಾರೆ. ಹುಬ್ಬಾ ಮಳೆ ಮುಗಿಯುವುದರೊಳಗೆ ಊರಿನಲ್ಲಿರುವ ನಿಮ್ಮ ಮನೆಯವರ ಕೈಯಲ್ಲಿ ಹೆಸರು ಹೇಳಿ ಕಳಿಸಿ.

ಇಂತಿ,
ಭಂಡಾರಕವಠೆಯ ಒಕ್ಕಲು ಮನೆಯ ಒಬ್ಬ ಹೆಣ್ಣುಮಗಳು